ಅಲೆಕ್‌ನ ಗೋಡೆಯಲ್ಲಿ ನಾರಿಸ್‌ನ ತೂತು

ನಾರಿಸ್ ಥ್ಯಾಕ್ರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡ. ವಯಸ್ಸು ಎಪ್ಪತ್ತೆಂಟು. ಹೆಂಡತಿ ಈನಿಡ್ ಪಕ್ಕದ ಮನೆಗೆ ಬಂದು ಸುದ್ದಿ ಹೇಳಿದಾಗ, ಅಲೆಕ್ ಬೇರ್‌ಸ್ಟೋ ಮೊದಲು ತಿರುಗಿ ನೋಡಿದ್ದು ತನ್ನ ಗೋಡೆಯಲ್ಲಿದ್ದ ತೂತನ್ನು.

ಆ ತೂತಿಗೆ ಹನ್ನೊಂದು ವರ್ಷ.

ಹ್ಯಾಲಿಫ್ಯಾಕ್ಸಿನ ಆ ಏರುಬೀದಿಯ ಕಲ್ಲುಮನೆಗಳೆಲ್ಲ ವಿಕ್ಟೋರಿಯಾ ರಾಣಿಯ ಕಾಲದವು. ಇಬ್ಬರ ಮನೆಗೂ ಒಂದೇ ನಡುಗೋಡೆ. ಅಂಥ ಮನೆಗೆ, ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಈಗಿನ ತಗಡಿನ ರೇಡಿಯೇಟರ್ ಹಾಕುವವರನ್ನು ಕಂಡರೆ ನಾರಿಸ್‌ಗೆ ಮೈಯೆಲ್ಲ ಉರಿ. ಆ ಉರಿಗೇ ಒಂದು ಪೈಪು ಜೋಡಿಸಿದ್ದರೆ ಇಡೀ ಬೀದಿ ಬೆಚ್ಚಗಿರುತ್ತಿತ್ತು!

"ಬಿಸ್ಕತ್ ಡಬ್ಬ ಕಣೋ ಇದು!" ಎಂದು ಆಗೊಮ್ಮೆ ನಾರಿಸ್ ಅಲೆಕ್‌ನ ರೇಡಿಯೇಟರನ್ನು ಬೆರಳಿಂದ ಟಣ್ ಎನ್ನಿಸಿದ. "ಬೀಡುಕಬ್ಬಿಣ ಅಂದ್ರೆ ಏನು ಅಂತ ನಿಂಗೆ ನಾನು ತೋರಿಸ್ತೀನಿ. ಕ್ರಿಸ್ಮಸ್ ಹೊತ್ತಿಗೆ ನಮ್ಮ ಮುಂದಿನ ಕೋಣೇಲಿ ಈನಿಡ್ ಬೀಸಣಿಗೆ ಕೇಳ್ತಾಳೆ, ನೋಡ್ತಿರು!"

"ಸದ್ಯಕ್ಕೆ ಕೋಟು ಹಾಕ್ಕೊಂಡು ಟೀ ಕುಡೀತಿದ್ದಾಳೆ," ಎಂದ ಅಲೆಕ್.

ಕೆಡವಿದ ಚರ್ಚೊಂದರಿಂದ ರೇಡಿಯೇಟರ್ ಬಂತು. ತೂಕ ಕಾಲು ಟನ್. ಹೊತ್ತು ತಂದವರು ಊರಿನ ಹಿತ್ತಾಳೆ ವಾದ್ಯದ ತಂಡದ ಆರು ಜನ. ಹೊಸ್ತಿಲು ದಾಟಿದ್ದೇ ತಡ, ಟ್ಯೂಬಾ ಊದುವವನ ಒಂದು ಕಾಲು ಹಲಗೆನೆಲ ಮುರಿದು ಮೊಣಕಾಲಿನವರೆಗೆ ಇಳಿಯಿತು. "ಹುಷಾರು! ಹುಷಾರು!" ಎಂದು ನಾರಿಸ್ ಅರಚಿದ. ಚಿಂತೆ ಆ ಕಾಲಿನದ್ದಲ್ಲ, ಕಬ್ಬಿಣದ್ದು.

ಕಿಟಕಿಯ ಕೆಳಗೆ ಅದನ್ನು ಪ್ರತಿಷ್ಠಾಪಿಸಿದ್ದಾಯಿತು. ಒಂದು ತುದಿಗೆ ಪೈಪುಗಳು, ಇನ್ನೊಂದು ತುದಿ ನಡುಗೋಡೆಗೆ ಒತ್ತಿಕೊಂಡು. "ಸಂದಿನಲ್ಲಿ ಅಂಚೆಚೀಟಿ ತೂರಿಸು ನೋಡೋಣ!" ಎಂದು ನಾರಿಸ್ ಮೂರು ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದ. ಅಂಚೆಚೀಟಿ ತೂರಲಿಲ್ಲ.

ನೀರು ಕಾಯಿಸುವ ಒಲೆ ಹೊತ್ತಿಸಿದರು. ರೇಡಿಯೇಟರಿನ ಬುಡ ಕಾಯಿತು. ತಲೆ ಮಂಜಿನಗಡ್ಡೆ! ಬಿಸಿನೀರು ಮೇಲೇರದ ಹಾಗೆ ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಆ ಗಾಳಿ ಬಿಡಲು ಒಂದು ಸಣ್ಣ ತಿರುಪು ಇರುತ್ತದೆ, ಪುಟ್ಟ ಕೀಲಿಯಿಂದ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಆ ಊರಿನಲ್ಲಿ ಹಸುಗೂಸಿಗೂ ಗೊತ್ತು.

"ತಿರುಪು ಎಲ್ಲಿ ನಾರಿಸ್?" ಈನಿಡ್ ಕೇಳಿದಳು.

ನಾರಿಸ್ ಕಿಟಕಿಯಾಚೆ ನೋಡಿದ. ತಿರುಪು ಇದ್ದದ್ದು ಅಂಚೆಚೀಟಿಯೂ ತೂರದ ಆ ತುದಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು.

"ಬೀಡುಕಬ್ಬಿಣಕ್ಕೆ ಸಮಯ ಬೇಕು," ಎಂದ.

"ಎಷ್ಟು? ಈಸ್ಟರ್‌ವರೆಗಾ?"

ಕ್ರಿಸ್ಮಸ್ ಊಟಕ್ಕೆ ಈನಿಡ್ ಟೋಪಿ, ಕೈಗವಸು ಹಾಕಿಕೊಂಡು ಕೂತಳು. ಜನವರಿಯಲ್ಲಿ ನಾರಿಸ್ ಕೈಯಲ್ಲಿ ಡ್ರಿಲ್ ಹಿಡಿದು ಅಲೆಕ್‌ನ ಬಾಗಿಲಿಗೆ ಬಂದ.

"ನಿನ್ನ ಕಡೆಯಿಂದ ಗೋಡೇಲಿ ಒಂದು ಸಣ್ಣ ತೂತು ಹಾಕ್ಕೊಳ್ಳಾ?"

"ಮೊದ್ಲು 'ತಪ್ಪು ನಂದು' ಅನ್ನು."

"ತಪ್ಪು ಗೋಡೇದು! ಒಂದಂಗುಲ ಈಚೆಗೆ ಕಟ್ಬೇಕಿತ್ತು ಆ ಮೂರ್ಖರು."

ತೂತು ಬಿತ್ತು. ಉದ್ದ ಸಲಾಕೆಗೆ ಬೆಸೆದ ಕೀಲಿಯನ್ನು ನಾರಿಸ್ ಅದರೊಳಗೆ ತೂರಿಸಿ ತಿರುಗಿಸಿದ. ಬುಸ್ಸ್! ಚರ್ಚಿನ ನೂರು ವರ್ಷದ ಕಪ್ಪು ನೀರು ತುಪಾಕಿಯ ಗುಂಡಿನಂತೆ ಹಾರಿ ಅಲೆಕ್‌ನ ಬೆಳ್ಳನೆ ಗೋಡೆಕಾಗದ, ಅಂಗಿ, ತಟ್ಟೆಯಲ್ಲಿದ್ದ ಪೋರ್ಕ್ ಪೈ ಎಲ್ಲಕ್ಕೂ ಅಭಿಷೇಕ ಮಾಡಿತು.

"ಈಗಲಾದ್ರೂ ಅನ್ನೋ!"

"ಪೈ ಅಲ್ಲಿ ಇಟ್ಟಿದ್ದು ಯಾರು?"

ಮುಖ ಒರೆಸಿಕೊಳ್ಳುತ್ತ ಅಲೆಕ್ ಒಂದು ಒಪ್ಪಂದ ಮಾಡಿದ. ಕೀಲಿ ತನ್ನ ಹತ್ತಿರವೇ ಇರುತ್ತದೆ. ಗಾಳಿ ಬಿಡಬೇಕಾದರೆ ನಾರಿಸ್ ಗೋಡೆಗೆ ಮೂರು ಸಲ ಕುಟ್ಟಬೇಕು. "ಬಾಯಲ್ಲಿ ಹೇಳೋಕೆ ನಾಚ್ಕೆ ಆದ್ರೆ ನಾಲ್ಕನೇದೂ ಕುಟ್ಟು. ತಪ್ಪು ಒಪ್ಕೊಂಡೆ ಅಂತ ನಾನೇ ತಿಳ್ಕೋತೀನಿ."

"ನಾಲ್ಕನೇದಾ? ನನ್ನ ಹೆಣ ಬೀಳ್ಬೇಕು!"

ಹನ್ನೊಂದು ಚಳಿಗಾಲ. ಮೂರು ಕುಟ್ಟು, ಅರ್ಧ ಸುತ್ತು, ಬುಸ್ಸ್, ಒಂದು ಹನಿ, ಬಂದ್. ಆಮೇಲೆ ಅಲೆಕ್ ತೂತಿಗೆ ಕಿವಿ ಹಚ್ಚಿ ಕಾಯುವನು. ಆಚೆಯಿಂದ ಬೇಕೆಂದೇ ಒಂದು ಕೆಮ್ಮು. ಅಷ್ಟೇ! ಅಷ್ಟು ಭಂಡ ಮನುಷ್ಯ ಯಾರ್ಕ್‌ಶೈರಿನಲ್ಲೇ ಇನ್ನೊಬ್ಬ ಇರಲಿಲ್ಲ, ಅಲೆಕ್‌ನನ್ನು ಬಿಟ್ಟರೆ.

ಈ ಅಕ್ಟೋಬರಿನಲ್ಲಿ ನಾರಿಸ್‌ಗೆ ಮೆಟ್ಟಿಲು ಹತ್ತಲಾಗದೆ, ಹಾಸಿಗೆ ಮುಂದಿನ ಕೋಣೆಗೆ ಬಂತು. ತಲೆ ಗೋಡೆಯ ಕಡೆಗೆ, ರೇಡಿಯೇಟರಿನ ಪಕ್ಕ. ಸೋಮವಾರ ಅಲೆಕ್ ನೋಡಲು ಹೋದಾಗ ಉಸಿರು ಸಿಳ್ಳು ಹಾಕುತ್ತಿತ್ತು.

"ನಿನ್ನೊಳಗೂ ಗಾಳಿ ಸಿಕ್ಕೊಂಡಿದೆ ಕಣೋ," ಎಂದ ಅಲೆಕ್.

"ನನ್ನ ತಿರುಪೂ ಗೋಡೆ ಕಡೆಗಿದೆ. ಹೋಗು, ನಿನ್ನ ಬಿಸ್ಕತ್ ಡಬ್ಬದ ಹತ್ರ ಕೂತ್ಕೋ."

ಮಂಗಳವಾರ ಒಂಬತ್ತೂವರೆಗೆ ಗೋಡೆಯಾಚೆ ಚಮಚದಿಂದ ಕುಟ್ಟಿದ ಸದ್ದು. ಮೂರು ಸಲ. ಮೂರನೆಯದು ಕೇಳಿಸಿಯೂ ಕೇಳಿಸದ ಹಾಗೆ. ಅಲೆಕ್ ಈ ಸಲ ಒಪ್ಪಂದ ನೆನಪಿಸಲಿಲ್ಲ. ಕೀಲಿ ತೂರಿಸಿದ, ಅರ್ಧ ಸುತ್ತು ತಿರುಗಿಸಿದ. ಗಾಳಿ ಬಹಳ ಹೊತ್ತು ಹೋಯಿತು. ಹನಿ ಬಂತು. ಮುಚ್ಚಿದ.

"ಮೇಲೂ ಬಿಸಿ ಆಗ್ತಾ ಇದೆ, ಮುಟ್ಟಿ ನೋಡು," ಎನ್ನುತ್ತಿದ್ದಳು ಆಚೆ ಈನಿಡ್.

ಅಲೆಕ್ ಕೀಲಿ ಒರೆಸಿ ಮೊಳೆಗೆ ನೇತುಹಾಕಿ, ಟೀ ಆರುವ ಮುಂಚೆ ಕುಡಿಯೋಣವೆಂದು ತಿರುಗಿದ್ದ.

ಆಗ ನಾರಿಸ್ ಗೋಡೆಗೆ ಇನ್ನೊಂದು ಸಲ ಕುಟ್ಟಿದ.