ಎರಡು ಮೊಟ್ಟೆ ಬಟ್ಟಲು

ಪದ್ಮಯ್ಯನ ಆ ದಿನದ ಕಷ್ಟಕ್ಕೆಲ್ಲ ಕಾರಣ, ಅವನ ಮುತ್ತಜ್ಜ ಬೆಳ್ಯಪ್ಪ ಒಂದು ಬೆಳಿಗ್ಗೆ ಕಂಡ ಮೊಟ್ಟೆ ಬಟ್ಟಲು.

ಗಾಳಿಬೀಡಿನ ಹಳೇ ಬಂಗಲೆ ಈಗ ಹೋಂಸ್ಟೇ. ಅದನ್ನು ನೋಡಿಕೊಳ್ಳುವ ಪದ್ಮಯ್ಯ ಬಂದವರಿಗೆಲ್ಲ ಕಾಫಿಯ ಜೊತೆ ಒಂದು ಕತೆಯನ್ನೂ ಬಡಿಸುತ್ತಿದ್ದ. ನೂರಮೂವತ್ತು ವರ್ಷದ ಹಿಂದೆ ಇಲ್ಲಿದ್ದ ದೊರೆ ಲಂಡನ್ನಿನ ಲಾರ್ಡ್ ಮನೆತನದವನು. ಅವನು ಬೇಟೆಗೆ ಹೋಗಿದ್ದಾಗ, ಒಬ್ಬಳೇ ಇರಬೇಕಾಗಿದ್ದ ದೊರೆಸಾನಿ ತಿಂಡಿಗೆ, ಬೇಯಿಸಿದ ಮೊಟ್ಟೆ ನಿಲ್ಲಿಸಿ ತಲೆಗೊಂದರಂತೆ ಇಡುವ ಬೆಳ್ಳಿಯ ಮೊಟ್ಟೆ ಬಟ್ಟಲು ಎರಡು ಕೇಳಿದಳು. ಅಡುಗೆಯ ಬೆಳ್ಯಪ್ಪ ಅದನ್ನೇ ಕೋರ್ಟಿನಲ್ಲಿ ಹೇಳಿದ. ದೊರೆಗೆ ವಿಚ್ಛೇದನ ಸಿಕ್ಕಿತು, ಲಂಡನ್ ಪೇಪರುಗಳಿಗೆ ತಿಂಗಳುಗಟ್ಟಲೆ ಹಬ್ಬವಾಯಿತು, ಬೆಳ್ಯಪ್ಪನ ಮನೆಯವರಿಗೆ 'ಸಾಕ್ಷಿಯವರು' ಎಂಬ ಹೆಸರು ಬಂತು.

ಅವತ್ತು ಬೆಳಿಗ್ಗೆ ಮಾಲೀಕ ಬೋಜಪ್ಪನ ಫೋನು ಬಂತು.

"ಪದ್ಮಯ್ಯ, ಇವತ್ತು ಬರೋ ಅಮ್ಮ ಆ ದೊರೆಸಾನಿ ಮರಿಮಗಳಂತೆ. ನಿನ್ನ ಕತೆ ಕೇಳಿ ಅವ್ರಿಗೆ ಬೇಜಾರಾಯ್ತು ಅಂದ್ರೆ, ನಾಳೆಯಿಂದ ನೀನು ಏಣಿ ಹೊತ್ಕೊಂಡು ಕರಿಮೆಣಸು ಕುಯ್ಯೋಕೆ ಹೋಗು."

ಏಣಿಯ ಎರಡನೇ ಮೆಟ್ಟಿಲಿಗೇ ಪದ್ಮಯ್ಯನಿಗೆ ತಲೆ ತಿರುಗುತ್ತಿತ್ತು. ಪಕ್ಕದ ಮನೆಯ ಕಾಂತಮ್ಮ ವಿಷಯ ತಿಳಿದು ಓಡಿಬಂದಳು. ದೊಡ್ಡ ಮನೆತನದವರು ಹಗೆ ಮರೆಯುವುದಿಲ್ಲ, ಸಾಕ್ಷಿ ಹೇಳಿದವನ ವಂಶದ ಮೇಲೆ ಈಗಲೂ ಕೇಸು ಹಾಕಬಹುದು ಎಂದು ಹೆದರಿಸಿದಳು. ಹೆಂಡತಿ ವನಜಮ್ಮ ಬೇಡವೆಂದರೂ ಕೇಳದೆ ಪದ್ಮಯ್ಯ ಬಂಗಲೆಯ ಗೋಡೆಯ ಮೇಲಿದ್ದ ಮುತ್ತಜ್ಜನ ಫೋಟೋ ಇಳಿಸಿ ಹಿತ್ತಲಿನ ಕೋಳಿಗೂಡಿಗೆ ತಳ್ಳಿದ. ಹೇಂಟೆ ಬಾಡಿಗೆಗೆ ಬಂದವರನ್ನು ನೋಡುವಂತೆ ನೋಡಿತು.

ಮಧ್ಯಾಹ್ನ, ಅತಿಥಿಗಳನ್ನು ಕರೆತರುವ ಡ್ರೈವರ್ ಗಿರಿಯ ಜೀಪು ಬಂತು. ಇಳಿದ ಬೆಳ್ಳಿಕೂದಲಿನ ಅಮ್ಮ ಕೂತು ನೀರು ಕುಡಿಯುವ ಮೊದಲೇ ಕೇಳಿದ್ದು ಬೆಳ್ಯಪ್ಪನ ವಂಶದವರು ಯಾರಾದರೂ ಇದ್ದಾರೆಯೇ ಎಂದು.

ಪದ್ಮಯ್ಯನ ಬೆರಳು ತಾನಾಗಿಯೇ ಗಿರಿಯ ಕಡೆ ತಿರುಗಿತು. ಬೆಳ್ಯಪ್ಪ ಮಹಾ ಕುಡುಕ, ಒಂದು ಬಟ್ಟಲು ಅವನಿಗೆ ಎರಡಾಗಿ ಕಂಡಿರಬೇಕು, ದೊರೆಸಾನಿ ಅಪ್ಪಟ ಚಿನ್ನ ಎಂದು ತನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದ. ಬಾಳೆಹಣ್ಣಿನ ನೆಪದಲ್ಲಿ ಬಂದು ನಿಂತಿದ್ದ ಕಾಂತಮ್ಮ ಗಿರಿಯ ಭುಜ ಹಿಡಿದು ಮುಂದೆ ನೂಕಿ, "ಎಸ್, ಎಸ್, ದಿಸ್ ಬೆಳ್ಯಪ್ಪ ಫ್ಯಾಮಿಲಿ" ಎಂದಳು. ಗಿರಿಯ ಬಾಯಿ ತುಂಬ ಎಲೆಯಡಿಕೆ. ಅಲ್ಲವೆನ್ನಲು ಉಗುಳಬೇಕು, ಲಂಡನ್ನಿನವರ ಎದುರು ಉಗುಳುವುದು ಹೇಗೆ? ಸುಮ್ಮನೆ ತಲೆ ಬಗ್ಗಿಸಿದ.

ಆ ಅಮ್ಮ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ಮುತ್ತಜ್ಜಿಗೆ ಆ ಗಂಡ ಬೇಡವಾಗಿತ್ತು. ಹೆಂಗಸು ಕೇಳಿದರೆ ಕೋರ್ಟು ಸುಲಭಕ್ಕೆ ಬಿಡಿಸುತ್ತಿರಲಿಲ್ಲ. ಬೆಳ್ಯಪ್ಪ ನೋಡಲಿ ಅಂತಲೇ ಎರಡನೇ ಬಟ್ಟಲು ಕೇಳಿದ್ದು. ಕಂಡದ್ದನ್ನು ಹೇಳಪ್ಪ ಅಂತ ಬೇಡಿಕೊಂಡವಳೂ ಅವಳೇ. ಆ ಎರಡನೇ ಮೊಟ್ಟೆ ತಿಂದವರೇ ನನ್ನ ಮುತ್ತಜ್ಜ. ನಿಮ್ಮವರು ಬಾಯಿ ಬಿಡದಿದ್ದರೆ ನಾನೇ ಇರುತ್ತಿರಲಿಲ್ಲ."

ಚೀಲದಿಂದ ಮಖಮಲ್ಲಿನ ಪೆಟ್ಟಿಗೆ ಹೊರಬಂತು. ಒಳಗೆ ಅದೇ ಎರಡು ಬೆಳ್ಳಿ ಬಟ್ಟಲು. ಅದನ್ನು ಗಿರಿಯ ಕೈಗಿತ್ತರು.

ಪದ್ಮಯ್ಯ ಹಿತ್ತಲಿಗೆ ಓಡಿದ. ಹೇಂಟೆಯ ಕೈಲಿ, ಅಲ್ಲ, ಕೊಕ್ಕಿನಲ್ಲಿ ನಾಲ್ಕು ಏಟು ತಿಂದು ಫೋಟೋ ಎಳೆದು ತಂದು, ಇವರೇ ಬೆಳ್ಯಪ್ಪ, ನನ್ನ ಸ್ವಂತ ಮುತ್ತಜ್ಜ ಎಂದು ಏದುಸಿರು ಬಿಟ್ಟ. ಅಮ್ಮ ನಕ್ಕರು. ಈಗಷ್ಟೇ ಬೆಳ್ಯಪ್ಪನನ್ನು ಕುಡುಕ ಎಂದವನು ಬಟ್ಟಲು ಕಂಡೊಡನೆ ಅವನ ಮರಿಮಗನಾದುದು ಅವರಿಗೂ ಅರ್ಥವಾಗದಿರಲಿಲ್ಲ. ಕರವಸ್ತ್ರದಿಂದ ಗಾಜಿನ ಮೇಲಿನ ಕೋಳಿಹಿಕ್ಕೆ ಒರೆಸಿ, ಫೋಟೋವನ್ನೂ ಗಿರಿಗೇ ಕೊಟ್ಟರು.

ಬೋಜಪ್ಪ ಮತ್ತೆ ಫೋನು ಮಾಡಿದ. ಅಮ್ಮನಿಗೆ ಬಹಳ ಸಂತೋಷವಾಗಿದೆಯಂತೆ, ಏಣಿ ಬೇಡ, ಆದರೆ ಇನ್ನು ಮುಂದೆ ಕತೆ ಹೇಳುವುದು ಗಿರಿ, ಪದ್ಮಯ್ಯ ಅಡುಗೆಮನೆಯಲ್ಲಿರಲಿ.

ಬಾಯಿ ತೊಳೆದುಕೊಂಡು ಬಂದ ಗಿರಿ ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತಿದ್ದ. "ಪದ್ಮಯ್ಯಣ್ಣ, ನಂಗೆ ಮೊಟ್ಟೆ ಸ್ವಲ್ಪ ಗಟ್ಟಿ ಬೇಯ್ಲಿ ಆಯ್ತಾ?" ಎಂದ.

ಸಂಜೆ ಮನೆಗೆ ಬಂದ ಗಂಡನ ಮುಖ ನೋಡಿ ವನಜಮ್ಮ, ಬಂಗಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದಳು.

"ಮೇಜಿನ ಮೇಲೆ ಎರಡು ಮೊಟ್ಟೆ ಬಟ್ಟಲು ಕಣೇ. ನಾನೇ ಕಣ್ಣಾರೆ ಕಂಡೆ. ಈ ಸಲ ನನ್ನ ಸಾಕ್ಷಿ ಯಾರಿಗೂ ಬೇಡ."