ಸಾಹೇಬರ ಕಂಪ್ಯೂಟರು ಡೊಮೈನು ಸೇರಿದ್ದು

ಸಾಹೇಬರ ಮೇಜಿಗೆ ಹೊಸ ಕಂಪ್ಯೂಟರು ಬರದೇ ಇದ್ದಿದ್ದರೆ ಪ್ಲಗ್ಗಣ್ಣ ಆ ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ತಮ್ಮನ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ.

ಪ್ಲಗ್ಗಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಆಫೀಸಿನ ಪ್ರಿಂಟರು ಸತ್ತೇಹೋಯಿತೆಂದು ಎಲ್ಲರೂ ಕೈಚೆಲ್ಲಿ ಕೂತಿದ್ದಾಗ, ಈತ ಮೇಜಿನ ಕೆಳಗೆ ತೂರಿ ಅದರ ಪ್ಲಗ್ಗನ್ನು ಗೋಡೆಗೆ ಚುಚ್ಚಿದ್ದ. ಪ್ರಿಂಟರು ಎದ್ದು ಕೂತಿತು. ಅಂದಿನಿಂದ ಗುಮಾಸ್ತಿಕೆಯ ಜೊತೆಗೆ ಆಫೀಸಿನ ಕಂಪ್ಯೂಟರುಗಳ ಯೋಗಕ್ಷೇಮವೂ ಅವನ ಹೆಗಲೇರಿತು, ಹೆಸರೂ ಅಂಟಿಕೊಂಡಿತು. ಅದು ಊರಿನ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಕಂಪನಿ. ಅದರ ಸ್ವಂತ ಲಿಫ್ಟು ಕೆಟ್ಟು ನಿಂತು ಎಷ್ಟು ಕಾಲವಾಗಿತ್ತೋ, ನೌಕರರಿಗೆ ಮೆಟ್ಟಿಲು ಹತ್ತುವುದೇ ರೂಢಿಯಾಗಿತ್ತು.

ತಮ್ಮನಿಗೂ ಇವನಿಗೂ ಮಾತು ನಿಂತು ವರ್ಷಗಳಾಗಿದ್ದವು. ಕಾರಣ ಒಂದು ಕನ್ನಡಿ ಬೀರು. ಅಕ್ಕ ಮನೆ ಬದಲಾಯಿಸುವ ದಿನ ಅಣ್ಣತಮ್ಮಂದಿರು ಆ ಬೀರುವನ್ನು ಮೆಟ್ಟಿಲಿಂದ ಇಳಿಸುತ್ತಿದ್ದರು. ಒಬ್ಬ ಮೇಲೆ, ಒಬ್ಬ ಕೆಳಗೆ, ಮುಖಕ್ಕೆ ಮುಖ. ಪ್ಲಗ್ಗಣ್ಣ "ಎಡಕ್ಕೆ" ಎಂದು ಕೂಗಿದ. ತಮ್ಮ ತನ್ನ ಎಡಕ್ಕೆ ತಿರುಗಿಸಿದ, ಅಣ್ಣ ತನ್ನ ಎಡಕ್ಕೆ ತಿರುಗಿಸಿದ, ಕನ್ನಡಿ ಇಬ್ಬರ ಮಾತನ್ನೂ ಕೇಳದೆ ನೆಟ್ಟಗೆ ನೆಲಕ್ಕೆ ಹೋಯಿತು. ಸಾಮಾನು ಹೊರುವವರ ಎದುರಿಗೇ ಅಣ್ಣ, "ಎಡ ಯಾವುದು ಬಲ ಯಾವುದು ಗೊತ್ತಿಲ್ಲದ ದಂಡಪಿಂಡ" ಅಂದ. ತಮ್ಮ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೋದವನು ಹಿಂದಿರುಗಿ ನೋಡಲಿಲ್ಲ. ಆಮೇಲೆ ಪ್ಲಗ್ಗಣ್ಣ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದ. ಏನೆಂದು ಶುರುಮಾಡುವುದು ಎಂದು ತಿಳಿಯದೆ ಹಾಗೇ ಇಟ್ಟಿದ್ದ.

ಈಗ ತಮ್ಮನಿಗೆ ದೂರದ ಬಂದರಿನಲ್ಲಿ ಕ್ರೇನು ನಡೆಸುವ ಕೆಲಸ ಸಿಕ್ಕಿತ್ತು. ಒಮ್ಮೆ ಹೋದರೆ ಬರುವುದು ಯಾವಾಗಲೋ. ದಾರಿಯಲ್ಲಿ ಈ ಊರಿನಲ್ಲಿ ಇಳಿದು ನಾಲ್ಕು ಗಂಟೆಯ ರೈಲು ಹಿಡಿಯಬೇಕಿತ್ತು. ಅಕ್ಕ ಹಿಂದಿನ ದಿನ ಫೋನಿನಲ್ಲೇ ಕಿವಿ ಹಿಂಡಿದ್ದಳು.

"ಅವನು ಮಧ್ಯಾಹ್ನಕ್ಕೇ ಬಂದಿರ್ತಾನೆ ಕಣೋ. ಸ್ಟೇಷನ್ನಿಗೆ ಹೋಗು. ಏನೂ ಮಾತಾಡ್ಬೇಡ, ಸುಮ್ನೆ ಪಕ್ಕದಲ್ಲಿ ಕೂತ್ಕೋ. ಮಿಕ್ಕಿದ್ದು ತಾನಾಗೇ ಆಗುತ್ತೆ."

"ಹೋಗ್ತೀನಕ್ಕ. ಅರ್ಧ ದಿನ ರಜಾನೂ ಹೇಳಿದ್ದೀನಿ."

"ನಿಮ್ಮಿಬ್ಬರ ಮಧ್ಯೆ ನನ್ನ ತಲೆಕೂದಲು ಪೂರ್ತಿ ಬೆಳ್ಳಗಾಯ್ತು," ಎಂದು ಅಕ್ಕ ಫೋನಿಟ್ಟಿದ್ದಳು.

ರಜೆಗೆ ಸಾಹೇಬರು ಒಪ್ಪಿದ್ದರು. "ಹೋಗ್ರೀ, ಧಾರಾಳವಾಗಿ ಹೋಗಿ. ಅದಕ್ಕೆ ಮುಂಚೆ ನನ್ನ ಹೊಸ ಕಂಪ್ಯೂಟರನ್ನ ಡೊಮೈನಿಗೆ ಸೇರಿಸಿಬಿಡಿ. ಸಂಜೆ ಮೇಲಿನವರ ಜೊತೆ ಮೀಟಿಂಗಿದೆ."

ಡೊಮೈನು ಎಂದರೆ ಆಫೀಸಿನ ಕಂಪ್ಯೂಟರುಗಳದೊಂದು ಕೂಡುಕುಟುಂಬ. ಸರ್ವರು ಎಂಬ ದೊಡ್ಡ ಕಂಪ್ಯೂಟರು ಅದರ ಯಜಮಾನ. ಯಜಮಾನ 'ಇವನು ನಮ್ಮವನು' ಎಂದು ಒಪ್ಪಿದ ಕಂಪ್ಯೂಟರಿಗೆ ಕಡತವೂ ಉಂಟು, ಪ್ರಿಂಟರೂ ಉಂಟು. ಒಪ್ಪದಿದ್ದರೆ ಅದೆಷ್ಟು ಹೊಸದಾಗಿದ್ದರೂ ಹೊಸ್ತಿಲಾಚೆಯ ನೆಂಟನೇ. ಸೇರಿಸುವುದು ಐದು ನಿಮಿಷದ ಕೆಲಸ ಎಂದುಕೊಂಡು ಪ್ಲಗ್ಗಣ್ಣ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿದ. ಸಾಹೇಬರ ಕೋಣೆಯಲ್ಲಿ ಮೊಬೈಲು ಕುಂಯ್ ಅಂದರೂ ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ತನ್ನ ಮೇಜಿನ ಡ್ರಾಯರಿನಲ್ಲಿಟ್ಟು ಒಳಗೆ ಹೋದ.

'ಡೊಮೈನು ಸಿಗುತ್ತಿಲ್ಲ' ಅಂದಿತು ಕಂಪ್ಯೂಟರು.

ಮತ್ತೆ ಒತ್ತಿದ. ಮತ್ತೆ ಅದೇ ಮಾತು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಕ್ಲರ್ಕು ಕಾಣಿಸಿಕೊಂಡರು. ಯಾರು ಏನು ಹೇಳಿದರೂ "ಗೊತ್ತಪ್ಪ, ನಂಗೆ ಗೊತ್ತು" ಎನ್ನುವ ಕಾರಣಕ್ಕೆ ಆಫೀಸಿನಲ್ಲಿ ಅವರಿಗೆ ಗೊತ್ತಪ್ಪ ಎಂದೇ ಹೆಸರು.

"ವೈರ್ ಲೂಸು. ನಂಗೆ ಗೊತ್ತು," ಎಂದು ಗೊತ್ತಪ್ಪನವರು ಬಗ್ಗಿ, ಸರಿಯಾಗಿದ್ದ ವೈರನ್ನು ಎಳೆದು ನಿಜವಾಗಿಯೂ ಲೂಸು ಮಾಡಿದರು. ಅದನ್ನು ಮತ್ತೆ ಕೂರಿಸುವಷ್ಟರಲ್ಲಿ ಪ್ಲಗ್ಗಣ್ಣನ ಮೊಣಕಾಲು ಧೂಳಾಯಿತು. ಕೊನೆಗೆ ನೋಡಿದರೆ ತಪ್ಪು ವೈರಿನದಲ್ಲ. ಸರ್ವರಿನ ವಿಳಾಸವನ್ನು ಕಂಪ್ಯೂಟರು ಹೊರಗಿನ ಯಾರನ್ನೋ ಕೇಳುತ್ತಿತ್ತು, ಮನೆಯವರನ್ನು ಬಿಟ್ಟು ಪರವೂರಿನವನ ಹತ್ತಿರ ನಮ್ಮ ಮನೆ ಎಲ್ಲಿ ಎಂದು ಕೇಳಿದ ಹಾಗೆ. ಅದನ್ನು ತಿದ್ದಿದ. ಡೊಮೈನು ಸಿಕ್ಕಿತು.

ಈಗ ಕಂಪ್ಯೂಟರು ಬೇರೆ ರಾಗ ತೆಗೆಯಿತು. ಸಮಯ ಹೊಂದುತ್ತಿಲ್ಲವಂತೆ. ಅದರ ಗಡಿಯಾರ ಯಾವುದೋ ಹಳೆಯ ವರ್ಷದಲ್ಲಿ ಹಾಯಾಗಿ ಬದುಕುತ್ತಿತ್ತು. ಅದನ್ನು ಇಂದಿಗೆ ಎಳೆದು ತರುವಾಗ ಪ್ಲಗ್ಗಣ್ಣ ಗೋಡೆಯ ಗಡಿಯಾರವನ್ನೂ ನೋಡಿದ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು.

"ಇಷ್ಟೊತ್ತು ಯಾಕ್ರೀ ಬೇಕು?" ಎಂದು ಲೆಕ್ಕದ ಮೇಡಂ ಒಳಗೆ ಬಂದರು. ಅವರ ಬಳಿ ಸಕಲ ರೋಗಕ್ಕೂ ಒಂದೇ ಔಷಧಿ. "ಆಫ್ ಮಾಡಿ ಆನ್ ಮಾಡಿ, ಸರಿಹೋಗುತ್ತೆ," ಎನ್ನುತ್ತಲೇ ಗೋಡೆಯ ಸ್ವಿಚ್ಚು ಒತ್ತಿಯೇಬಿಟ್ಟರು. ಅರ್ಧ ತಿದ್ದಿದ ಗಡಿಯಾರದ ಜೊತೆ ಕಂಪ್ಯೂಟರು ಕಣ್ಣು ಮುಚ್ಚಿತು.

"ಮೇಡಂ!"

"ನೋಡಿ, ಈಗ ಆನ್ ಮಾಡಿ."

ಅತಿಥಿಯ ಕುರ್ಚಿಯಲ್ಲಿ ಕೂತಿದ್ದ ಸಾಹೇಬರು, ತಮ್ಮ ಮನೆಯಲ್ಲೇ ಜಾಗ ಸಿಗದ ಯಜಮಾನನಂತೆ ಬೆರಳಿನಿಂದ ಮೇಜು ಕುಟ್ಟತೊಡಗಿದರು.

ಮತ್ತೆ ಎಲ್ಲವನ್ನೂ ಮೊದಲಿಂದ ಮಾಡಿದ್ದಾಯಿತು. ಈ ಸಲ ಕಂಪ್ಯೂಟರು ಅದರ ಹೆಸರು ಕೇಳಿತು.

"ನನ್ನ ಹಳೇ ಕಂಪ್ಯೂಟರಿನ ಹೆಸರೇ ಇರಲಿ," ಎಂದರು ಸಾಹೇಬರು. "ಹೆಸರು ಬದಲಾದ್ರೆ ಆಮೇಲೆ ಒಂದೂ ಸಿಗಲ್ಲ."

ಪ್ಲಗ್ಗಣ್ಣ ಅದೇ ಹೆಸರು ಹಾಕಿದ. ಆ ಹೆಸರಿನ ಕಂಪ್ಯೂಟರು ಡೊಮೈನಿನಲ್ಲಿ ಈಗಾಗಲೇ ಇದೆ ಎಂದು ಸರ್ವರು ಎಚ್ಚರಿಸಿತು. ಆತ ಬೆರಳು ತಡೆದು ನಿಂತ.

"ಸಾರ್, ಹಳೇದು ಎಲ್ಲಿದೆ? ಹೋದ ವಾರ ನಾನು ರಜೆಯಲ್ಲಿದ್ದಾಗ ತೆಗೆದದ್ದಲ್ವಾ?"

"ಅದು ಗುಜರಿಗೆ ಹೋಯ್ತಪ್ಪ, ನಂಗೆ ಗೊತ್ತು," ಎಂದರು ಗೊತ್ತಪ್ಪನವರು. "ಧೈರ್ಯವಾಗಿ ಹಾಕು. ಸತ್ತವನ ಹೆಸರು ಮೊಮ್ಮಗನಿಗೆ ಇಡಲ್ವಾ?"

ಬೇರೆ ದಿನವಾಗಿದ್ದರೆ ಪ್ಲಗ್ಗಣ್ಣ ಕೆಳಗಿಳಿದು ಹೋಗಿ ಒಮ್ಮೆ ನೋಡಿ ಬರುತ್ತಿದ್ದ. ಇಂದು ಅವನ ಮನಸ್ಸು ಸ್ಟೇಷನ್ನಿನ ಬೆಂಚಿನ ಮೇಲಿತ್ತು. ಹಳೆಯದನ್ನು ತೆಗೆದು ಆ ಹೆಸರನ್ನು ಇದಕ್ಕೇ ಕೊಡು ಎಂದು ಒತ್ತಿದ. 'ಡೊಮೈನಿಗೆ ಸ್ವಾಗತ' ಎಂದು ಪರದೆಯ ಮೇಲೆ ಮೂಡಿತು. ಗೊತ್ತಪ್ಪನವರು ತಾವೇ ಹೆತ್ತವರಂತೆ ಕೈ ಉಜ್ಜಿಕೊಂಡರು.

ಇನ್ನು ಹೊರಡುವುದೊಂದೇ ಬಾಕಿ ಎಂದುಕೊಳ್ಳುವಷ್ಟರಲ್ಲಿ ಸಾಹೇಬರಿಗೆ ಪ್ರಿಂಟರು ಬೇಕಾಯಿತು. ಅದನ್ನು ಜೋಡಿಸುತ್ತಿರುವಾಗ ಮೇಜಿನ ಮೇಲಿನ ಇಂಟರ್‌ಕಾಮು ಬಡಿದುಕೊಂಡಿತು. ಮುಂದಿನ ಗೇಟಿಗೆ ಹೊಸದಾಗಿ ಬಂದ ಕಾವಲುಗಾರ.

"ಸಾರ್, ಗೇಟಿನ ಕಂಪ್ಯೂಟರು ಇದ್ದಕ್ಕಿದ್ದ ಹಾಗೆ ನನ್ನನ್ನ ಹೊರಗೆ ಹಾಕ್ತು. ಏನೋ ನಂಬಿಕೆ ಕಡಿದುಹೋಗಿದೆ ಅಂತ ತೋರಿಸ್ತಿದೆ. ಒಳಗೆ ಬರೋರಿಗೆ ಪಾಸ್ ಕೊಡೋಕೆ ಆಗ್ತಿಲ್ಲ. ಇಲ್ಲೊಬ್ಬರು ಬಂದು ನಿಂತಿದ್ದಾರೆ, ಅವರು..."

"ಯಾರೇ ಬಂದಿರ್ಲಿ ಮಾರಾಯ, ನಂಗೀಗ ಪುರುಸೊತ್ತಿಲ್ಲ! ಕಾಯೋಕೆ ಹೇಳು. ಕಾಯಲ್ಲ ಅಂದ್ರೆ ಹೋಗ್ಲಿ ಬಿಡು!" ಎಂದು ಪ್ಲಗ್ಗಣ್ಣ ಫೋನು ಕುಕ್ಕಿದ. ಅಷ್ಟು ಗಟ್ಟಿಯಾಗಿ ಅವನು ಯಾರಿಗೂ ಗದರಿದವನಲ್ಲ. ಲೆಕ್ಕದ ಮೇಡಂ ಹುಬ್ಬೇರಿಸಿದರು.

ಪ್ರಿಂಟರು ಕೊನೆಗೂ ಒಂದು ಹಾಳೆ ಉಗುಳಿತು. ಪ್ಲಗ್ಗಣ್ಣ ಡ್ರಾಯರಿನಿಂದ ಮೊಬೈಲು ಎತ್ತಿಕೊಂಡ. ಅಕ್ಕ ಹಲವು ಸಲ ಕರೆದಿದ್ದಳು. ಹೊರಟೆಯಾ ಎಂದು ಬೈಯಲು ಮಾಡಿರುತ್ತಾಳೆ, ಈಗ ಎತ್ತಿದರೆ ಇನ್ನೂ ಹೊತ್ತಾಗುತ್ತದೆ ಎಂದುಕೊಂಡು ಜೇಬಿಗೆ ಹಾಕಿದ. ಸ್ಕೂಟರು ನಿಲ್ಲಿಸಿದ್ದು ಕಟ್ಟಡದ ಹಿಂದೆ. ಹಿಂದಿನ ಮೆಟ್ಟಿಲಿಂದ ದಡದಡ ಇಳಿದು, ಹಿಂದಿನ ಗೇಟಿನಿಂದ ಗಾಡಿ ಓಡಿಸಿದ.

ಸ್ಟೇಷನ್ನಿನಲ್ಲಿ ರೈಲು ಆಗಲೇ ಬಂದು ನಿಂತಿತ್ತು. ಚಹಾದಂಗಡಿ, ಬೆಂಚು, ನೀರಿನ ನಲ್ಲಿ, ಎಲ್ಲ ಕಡೆ ಹುಡುಕಿದ. ಪ್ರತಿ ಡಬ್ಬಿಯ ಕಿಟಕಿಗೂ ಮುಖವಿಟ್ಟು ಇಣುಕಿದ. ಮಲಗಿದ್ದ ಒಬ್ಬರು ಕಳ್ಳನೆಂದು ತಿಳಿದು ಚೀಲ ಅವುಚಿಕೊಂಡರು. ತಮ್ಮ ಇರಲಿಲ್ಲ. ರೈಲು ಅವನ ಕಣ್ಣೆದುರೇ ಜಾರಿಕೊಂಡು ಹೋಯಿತು.

ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಮೊದಲು ಬಂದದ್ದು ಸಿಟ್ಟು. ಅದರ ಹಿಂದೆಯೇ ಒಂದು ಚೂರು ಸಮಾಧಾನವೂ ಬಂತು. ಬಂದವನು ನಾನು, ಬಾರದವನು ಅವನು, ಇನ್ನು ಮುಂದೆ ತಪ್ಪು ಅವನದೇ. ಹಾಗೆಂದು ಹೇಳಲು ಅಕ್ಕನಿಗೆ ಫೋನ್ ಮಾಡಿದ. ಅವಳು ಬೇರೆ ಯಾರೊಂದಿಗೋ ಮಾತಿನಲ್ಲಿದ್ದಳು.

ಬ್ಯಾಗು ತೆಗೆದುಕೊಳ್ಳಲು ಆಫೀಸಿಗೆ ಮರಳಿದಾಗ ಹಿಂದಿನ ಗೇಟಿಗೆ ಬೀಗ ಬಿದ್ದಿತ್ತು. ಸುತ್ತಿಕೊಂಡು ಮುಂದಿನ ಗೇಟಿಗೆ ಬಂದ.

"ಅಯ್ಯೋ, ನೀವೀಗ ಬಂದ್ರಾ ಸಾರ್," ಎಂದು ಕಾವಲುಗಾರ ಎದ್ದು ನಿಂತ. "ನಿಮ್ಮನ್ನ ನೋಡೋಕೆ ಬಂದವರು ಹೊರಟುಹೋದ್ರು."

"ನನ್ನನ್ನಾ?"

"ಹೂಂ ಸಾರ್. ಥೇಟ್ ನಿಮ್ಮ ಮುಖಾನೇ. ದೊಡ್ಡ ಟ್ರಂಕು ಬೇರೆ. ನಾನು ಬಂದಿದ್ದೀನಿ ಅಂತ ಹೇಳಬೇಡಿ, ಅವನ ಕುರ್ಚಿ ಹತ್ರಾನೇ ಹೋಗಿ ನಿಲ್ತೀನಿ ಅಂದ್ರು. ಹೇಳದೆ ಹೇಗಿರೋದು, ಪಾಸ್ ಬರ್ತಿಲ್ವಲ್ಲ! ಅದಕ್ಕೇ ಫೋನ್ ಮಾಡಿದ್ದು. ನಾನು ಪೂರ್ತಿ ಹೇಳೋ ಮೊದಲೇ ನೀವು ಇಟ್ಟುಬಿಟ್ರಿ."

ಪ್ಲಗ್ಗಣ್ಣ ಅವನ ತೋಳು ಹಿಡಿದ. "ನಾನು ಅಂದದ್ದನ್ನ ಅವನಿಗೆ ಹೇಳಿದೆಯಾ?"

"ಒಂದಕ್ಷರ ಬಿಡದೆ ಹೇಳ್ದೆ ಸಾರ್," ಎಂದ ಕಾವಲುಗಾರ ಹೆಮ್ಮೆಯಿಂದ. "ಆದ್ರೂ ಪಾಪ, ಟ್ರಂಕಿನ ಮೇಲೆ ಕೂತೇ ಇದ್ರು. ಕೆಲಸದಲ್ಲಿರ್ತಾನೆ, ಪರವಾಗಿಲ್ಲ ಅಂದ್ರು. ನೋಡಲಾರದೆ ನಾನು ಮತ್ತೆ ಫೋನ್ ಮಾಡ್ದೆ. ಹೆಡ್‌ಕ್ಲರ್ಕ್ ಸಾರ್ ಎತ್ತಿ, ಅವನು ಆಗಲೇ ಹಿಂದಿನ ಗೇಟಿಂದ ಓಡಿಹೋದ ಅಂದ್ರು. ಅದನ್ನೂ ಹೇಳ್ದೆ. ಆಮೇಲೆ ಅವರು ಕೂರಲಿಲ್ಲ. ರೈಲಿನ ಹೊತ್ತು ಮೀರಿತು ಅಂತ ಇಲ್ಲೇ ಬಂದರಿನ ಬಸ್ಸು ಹತ್ತಿಬಿಟ್ರು."

ಪ್ಲಗ್ಗಣ್ಣ ಕಾವಲುಗಾರನ ಮೇಜಿಗೆ ಒರಗಿದ. ಅದರ ಮೇಲಿನ ಕಂಪ್ಯೂಟರು ಇನ್ನೂ ನಂಬಿಕೆ ಕಡಿದುಹೋಗಿದೆ ಎಂದು ಹಲುಬುತ್ತಿತ್ತು. ಅಂಚಿನಲ್ಲಿದ್ದ ಒಂದು ಗೀರು ಅವನಿಗೆ ಚೆನ್ನಾಗಿ ಪರಿಚಯವಿತ್ತು.

"ಇದು..."

"ಸಾಹೇಬರದೇ ಹಳೇದು ಸಾರ್. ಹೋದ ವಾರ ಹೆಡ್‌ಕ್ಲರ್ಕ್ ಸಾರೇ ಗುಜರಿಗೆ ಅಂತ ಇಳಿಸಿ ಇಲ್ಲಿ ಇಟ್ಟಿದ್ರು. ಗುಜರಿಯವನು ಬರಲಿಲ್ಲ, ನಾವು ಇಲ್ಲೇ ಕೂರಿಸಿಕೊಂಡ್ವಿ."

ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಅಕ್ಕ.

"ಹಿಂದಿನ ಬಾಗಿಲಿಂದ ಓಡಿಹೋದೆಯಂತಲ್ಲೋ!"

"ಅಕ್ಕ, ಕೇಳಿಲ್ಲಿ, ನಾನು ಸ್ಟೇಷನ್ನಿಗೆ ಹೋಗಿದ್ದೆ. ಸಾಹೇಬರ ಕಂಪ್ಯೂಟರು ಡೊಮೈನಿಗೆ ಸೇರ್ತಿರಲಿಲ್ಲ, ಅದಕ್ಕೆ ಹಳೇ ಹೆಸರು ಕೊಟ್ಟೆ, ಆಗ ಗೇಟಿನದು..." ತನ್ನ ಮಾತು ತನ್ನ ಕಿವಿಗೇ ಶುದ್ಧ ಸುಳ್ಳಿನ ಹಾಗೆ ಕೇಳಿಸಿ ಆತ ನಿಲ್ಲಿಸಿದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಊರಲ್ಲಿ ಇಳಿದ ಮೇಲೆ, ಅವನೇ ನಿನ್ನ ಆಫೀಸಿಗೆ ಬರ್ತೀನಿ ಅಂದ ಕಣೋ. ಅಣ್ಣ ದೊಡ್ಡವನು, ನಾನೇ ಹೋಗ್ಬೇಕು ಅಂದ. ಅದನ್ನ ಹೇಳೋಣ ಅಂತಲೇ ನಿನಗೆ ಅಷ್ಟು ಸಲ ಫೋನ್ ಮಾಡಿದ್ದು," ಎಂದಷ್ಟೇ ಹೇಳಿ ಇಟ್ಟಳು.

ತಮ್ಮನಿಗೆ ಮಾಡಿದ. ಒಂದು ಸಲ ರಿಂಗಾಗಿ ಕಡಿಯಿತು. ಇನ್ನೊಮ್ಮೆ ಮಾಡಿದಾಗ ಅದೂ ಇಲ್ಲ.

"ಸಾರ್, ಹೇಗೂ ಬಂದಿದ್ದೀರಿ," ಎಂದ ಕಾವಲುಗಾರ ಮೆಲ್ಲಗೆ, "ಇದನ್ನ ಒಂಚೂರು ನೋಡ್ತೀರಾ?"

ಬೇರೇನು ಮಾಡಲೂ ತೋಚದೆ ಪ್ಲಗ್ಗಣ್ಣ ಕೂತ. ಗೇಟಿನ ಕಂಪ್ಯೂಟರಿಗೆ ಬೇರೊಂದು ಹೆಸರು ಕೊಟ್ಟ. ಡೊಮೈನು ಒಂದು ಮಾತೂ ಎದುರಾಡದೆ ಒಳಗೆ ಕರೆದುಕೊಂಡಿತು.

"ಪಾಸ್ ಬರುತ್ತಾ ನೋಡೋಣ ಸಾರ್. ಯಾವುದಾದ್ರೂ ಒಂದು ಹೆಸರು ಹೇಳಿ."

ಪ್ಲಗ್ಗಣ್ಣ ತಮ್ಮನ ಹೆಸರು ಹೇಳಿದ. ಎಷ್ಟೋ ಕಾಲದಿಂದ ಆಡದ ಹೆಸರು ನಾಲಿಗೆಯ ಮೇಲೆ ತೊಡರಿತು. ಕಾವಲುಗಾರ ಎರಡನೇ ಸಲ ಕೇಳಿಕೊಂಡು ಒಂದೊಂದೇ ಅಕ್ಷರ ಒತ್ತಿದ.

"ಯಾರನ್ನ ನೋಡೋಕೆ ಬಂದಿರೋದು ಅಂತ ಕೇಳುತ್ತೆ ಸಾರ್. ಏನು ಹಾಕ್ಲಿ?"

"ನನ್ನನ್ನ," ಎಂದ ಪ್ಲಗ್ಗಣ್ಣ.

ಯಂತ್ರ ಸರ್ರನೆ ಚೀಟಿ ಹೊರಹಾಕಿತು. ಕಾವಲುಗಾರ ಅದನ್ನು ಹರಿದು ಅವನ ಕೈಗಿಡುತ್ತ ಬಾಯ್ತುಂಬ ನಕ್ಕ.

"ನೋಡಿದ್ರಾ ಸಾರ್, ಇನ್ನು ಯಾರೂ ಒಂದು ಕ್ಷಣಾನೂ ಹೊರಗೆ ಕಾಯೋ ಹಾಗಿಲ್ಲ!"