ಬಾಗಿಲು ತೆರೆದ ಸಮುವೇಲ

ಶೇಖರಮ್ಮ: ರಾತ್ರಿ ಹೊತ್ತಿನ್ಯಾಗ ಯಾರರ ಹೆಸರು ಹಿಡಿದು ಕರದ್ರ ಓ ಅನಬಾರದು ಟೀಚರಮ್ಮ, ಅನಬಾರದು! ನಮ್ಮವ್ವ ನನಗ ಹೇಳ್ಯಾಳ, ನಾ ನನ್ನ ಮಗಳಿಗೆ ಹೇಳೀನಿ, ಈಗ ಮೊಮ್ಮಗಳಿಗೆ ಹೇಳಾಕತ್ತೀನಿ. ನಡುವ ನೀವು ಬಂದು ಓ ಅನ್ನು ಅಂತ ಕಲಿಸಿ ಕುಂತ್ರಿ!

ಸುವಾರ್ತಮ್ಮ: ದೇವರು ಕರದ್ರ ಓ ಅನ್ನು ಅಂದೀನ್ರೀ ಶೇಖರಮ್ಮಾರ, ಹೋಗೋರು ಬರೋರಿಗೆಲ್ಲಾ ಅಲ್ಲ.

ಶೇಖರಮ್ಮ: ಕತ್ತಲದಾಗ ಕರೆಯಾಂವ ದೇವರೋ ದೆವ್ವನೋ ಅಂತ ಎಂಟು ವರ್ಷದ ಕೂಸಿಗೆ ಹೆಂಗ ತಿಳೀಬೇಕು? ಕೊರಳಾಗ ಬೋರ್ಡ್ ಹಾಕ್ಕೊಂಡು ಬರ್ತಾನೇನು? ಮಾತು ಸಾಕು. ಆ ಅಂಗಿ ಕೊಟ್ಟುಬಿಡ್ರಿ. ನಮ್ಮ ಸಂಗವ್ವ ನಿಮ್ಮ ನಾಟಕದಾಗ ಸಮುವೇಲ ಆಗಂಗಿಲ್ಲ.

ಅಂಗಿಯ ಮಾತು ಬಂದೊಡನೆ ಸುವಾರ್ತಮ್ಮನ ಕೈಯಲ್ಲಿದ್ದ, ನಾಟಕಕ್ಕೆಂದು ಮಾಡುತ್ತಿದ್ದ ಹತ್ತಿಯ ಗಡ್ಡ ನೆಲಕ್ಕೆ ಬಿತ್ತು.

ಈ ಸುವಾರ್ತಮ್ಮ ಸಾಮಾನ್ಯಳಲ್ಲ. ಸಿಂಧನೂರು ಕಡೆಯ ತೆಲುಗರ ಕಾಲುವೆ ಕ್ಯಾಂಪಿನಿಂದ ಮದುವೆಯಾಗಿ ಮಸ್ಕಿಯ ಈ ಓಣಿಗೆ ಬಂದಾಗಿನಿಂದ, ಭಾನುವಾರ ಮಧ್ಯಾಹ್ನ ತಪ್ಪದೆ ತನ್ನ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಬೈಬಲ್ ಕಥೆ ಹೇಳುತ್ತಿದ್ದವಳು. ಫರೋಹನ ಸೈನ್ಯವನ್ನು ಒಂದು ಗೇಣು ನೀಲಿ ಬಟ್ಟೆಯಲ್ಲಿ ಮುಳುಗಿಸಿದ ವೀರಮಾತೆ. ಗೋಡೆಗೆ ತೂಗುಹಾಕಿದ ಚಿತ್ರದ ಗೊಲ್ಯಾತನನ್ನು ಪೊರಕೆಯ ಹಿಡಿಯಿಂದ ಕೆಡವಿದ ರಣಧೀರೆ. ಮಕ್ಕಳಲ್ಲಿ ಅರ್ಧಕ್ಕರ್ಧ ಬರುತ್ತಿದ್ದುದು ಕಥೆ ಮುಗಿದ ಮೇಲೆ ಸಿಗುವ ಶೇಂಗಾ ಚಿಕ್ಕಿಗೆ ಎಂಬುದು ಅವಳಿಗೂ ಗೊತ್ತಿತ್ತು. ಚಿಕ್ಕಿ ಬಾಯಲ್ಲಿರುವಷ್ಟು ಹೊತ್ತು ಕಥೆ ಕಿವಿಯಲ್ಲಿರುತ್ತದೆ ಎಂದು ಅವಳ ನಂಬಿಕೆ.

ಈ ಸಲದ ಕ್ರಿಸ್ಮಸ್‌ಗೆ ಬಾಲ ಸಮುವೇಲನ ನಾಟಕ. ರಾತ್ರಿ ಗುಡಿಯಲ್ಲಿ ಮಲಗಿದ ಹುಡುಗನನ್ನು ದೇವರು ಹೆಸರು ಹಿಡಿದು ಕರೆಯುವುದು, ಅವನು ಗುಡಿಯ ಹಿರಿಯ ಏಲಿ ಕರೆದನೆಂದು ಎದ್ದು ಓಡುವುದು. ಲಿಂಗಸುಗೂರಿನಿಂದ ಕ್ರೈಸ್ತ ಸಭೆಯ ಹಿರಿಯರು ನೋಡಲು ಬರುವವರು. ಅಷ್ಟೂ ಮಾತನ್ನು ಬಾಯಿಪಾಠ ಮಾಡಿದ ಏಕೈಕ ಕಲಾವಿದೆ ಎದುರುಮನೆಯ ಸಂಗವ್ವ. ಸಂಗವ್ವ ಹೋದರೆ ಸಮುವೇಲ ಹೋದ. ಅಷ್ಟೇ ಅಲ್ಲ, ಶೇಖರಮ್ಮ ತನ್ನ ಮೊಮ್ಮಗಳನ್ನು ಬಿಡಿಸಿದ ಸುದ್ದಿ ಸಂಜೆಯೊಳಗೆ ಓಣಿ ತಿರುಗಿ, ಬರುವ ಭಾನುವಾರ ಪಡಸಾಲೆಯಲ್ಲಿ ಸುವಾರ್ತಮ್ಮ ಮತ್ತು ಚಿಕ್ಕಿಯ ಡಬ್ಬಿ ಇಬ್ಬರೇ ಉಳಿಯುವುದು ನಿಶ್ಚಿತವಾಗಿತ್ತು.

ಕಾಲವೂ ಕೆಟ್ಟದ್ದಿತ್ತು. ರಾತ್ರಿ ಒಂದು ದೆವ್ವ ಊರೂರು ತಿರುಗುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓ ಎಂದವರ ಕಥೆ ಮುಗಿಯಿತು ಎಂದು ಸುದ್ದಿ ಹಬ್ಬಿದ ವರ್ಷ ಅದು. ಪರಿಹಾರವಾಗಿ ಎಲ್ಲರ ಬಾಗಿಲ ಮೇಲೂ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ದೆವ್ವ ಬರುವುದು, ಓದುವುದು, ನಾಳೆ ಬಂದರಾಯಿತು ಎಂದು ಹೋಗುವುದು. ಸಾಕ್ಷರತಾ ಆಂದೋಲನದವರು ಕಂದೀಲು ಹಿಡಿದು ಎಷ್ಟು ತಿಂಗಳು ತಿದ್ದಿಸಿದರೂ ಬಗ್ಗದ ಬೆರಳುಗಳು ಒಂದೇ ವಾರದಲ್ಲಿ ಎರಡು ಪದ ಬರೆಯಲು ಕಲಿತಿದ್ದವು. ದೆವ್ವಕ್ಕೆ ಮಾತ್ರ ಮೊದಲೇ ಓದು ಬರುತ್ತಿತ್ತು.

ಸುವಾರ್ತಮ್ಮ ಗಡ್ಡವನ್ನು ಎತ್ತಿ ಮಣ್ಣು ಕೊಡವಿದಳು. ಎದುರಾಳಿಯ ಮೆತ್ತನೆಯ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು.

ಸುವಾರ್ತಮ್ಮ: ಅಲ್ರೀ ಶೇಖರಮ್ಮಾರ, ಹ್ವಾದ ವಾರ ಸಮುವೇಲನ ತಾಯಿ ಹನ್ನಳ ಕಥಿ ಹೇಳುವಾಗ ಇದೇ ಗ್ವಾಡಿಗೆ ಆತುಕೊಂಡು ಕಣ್ಣೀರು ತಂದವರು ಯಾರು?

ಶೇಖರಮ್ಮ: ಕಣ್ಣಾಗ ಧೂಳು ಬಿದ್ದಿತ್ತು.

ಸುವಾರ್ತಮ್ಮ: ಎರಡೂ ಕಣ್ಣಾಗೇನ್ರಿ?

ಶೇಖರಮ್ಮ: ಅದು ಬ್ಯಾರೆ ಮಾತು. ಮಕ್ಕಳಿಲ್ಲದ ಹೆಣ್ಣುಮಗಳು ದೇವರ ಮುಂದ ಕುಂತು, ‘ಒಂದು ಗಂಡು ಕೊಡು, ನಿನ್ನ ಗುಡಿಗೇ ಬಿಡ್ತೀನಿ’ ಅಂತ ಹರಕಿ ಹೊತ್ತಳು. ನಮ್ಮಾಗೂ ಸಣ್ಣ ಗಂಡುಹುಡುಗರನ್ನ ಮಠಕ್ಕ ಮರಿ ಅಂತ ಬಿಡ್ತಾರ, ಆ ತಾಯಂದಿರ ಹೊಟ್ಟಿ ಸಂಕಟ ನಾ ನೋಡೀನಿ. ಅದು ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರ ಆ ಗುಡಿ ಹಿರಿಯ, ಏಲಿ ಅಂತೀರಲ್ಲ, ಅಕಿ ತುಟಿ ಅಲ್ಲಾಡಿಸಿ ಬೇಡಿಕೊಂಡ್ರ ‘ಏನಬೇ, ಕುಡದು ಬಂದೀಯೇನು’ ಅಂದ ನೋಡ್ರಿ, ಆವಾಗ ನನಗ ನಮ್ಮನಿಯವರು ಕಣ್ಣಮುಂದ ಬಂದ್ರು. ಹೆಂಗಸರು ಅಳೋದು ಯಾಕಂತ ಗಂಡಸರಿಗೆ ಯಾವ ಊರಾಗೂ ತಿಳಿಯಂಗಿಲ್ಲ.

ಸುವಾರ್ತಮ್ಮ: ಮತ್ತ ವರ್ಷಕ್ಕೊಂದು ಸಣ್ಣ ಅಂಗಿ ಹೊಲಕೊಂಡು ಮಗನ್ನ ನೋಡಾಕ ಹೋಗ್ತಿದ್ದಳು ಅಂದಾಗ?

ಶೇಖರಮ್ಮನ ದನಿ ಒಂದು ಮೆಟ್ಟಿಲು ಇಳಿಯಿತು.

ಶೇಖರಮ್ಮ: ಕಣ್ಮರಿ ಆದ ಕೂಸಿನ ಅಳತಿ ಹೆಂಗ ತಿಳಿದಿರಬೇಕು ಅಕಿಗೆ? ನೆರಮನಿ ಹುಡುಗರ ಮೈಗೆ ಹಿಡಿದು ನೋಡಿರಬೇಕು. ಅದಕ್ಕ ನಾನೂ ಸಂಗವ್ವನ ಅಂಗಿ ತೋಳಿನ್ಯಾಗ ಎರಡು ಬಟ್ಟು ಮಡಚಿ ಹೊಲದೀನಿ, ಬೆಳದ್ರ ಬಿಚ್ಚಾಕ ಬರಲಿ ಅಂತ. (ಥಟ್ಟನೆ ಎಚ್ಚೆತ್ತು) ಅದಿರಲಿ, ಅಂಗಿ ಕೊಡ್ರಿ ಮೊದಲ!

ಸುವಾರ್ತಮ್ಮ: ಕೊಡ್ತೀನ್ರಿ, ನನಗ್ಯಾಕ ಬೇಕು? ಆದ್ರ ತಪ್ಪು ಏನಾತು ಅಂತ ಹೇಳಿ ಒಯ್ಯಿರಿ. ನಿನ್ನಿ ರಾತ್ರಿ ಏನಾತು?

ಶೇಖರಮ್ಮ: ಏನಾತಾ? ಊರು ಮಲಗಿತ್ತು. ನಾನೂ ಸಂಗವ್ವನೂ ಮಲಗಿದ್ವಿ. ಹೊರಗಿಂದ ‘ಸಂಗವ್ವಾ’ ಅಂತ ಒಂದು ದನಿ ಬಂತು. ಹುಡುಗಿ ಎದ್ದು ನನ್ನ ಹತ್ರ ಬಂದು, ‘ಅಜ್ಜಿ, ಕರದೇನು? ಇಲ್ಲಿದೀನಿ’ ಅಂತು.

ಸುವಾರ್ತಮ್ಮನ ಕಣ್ಣುಗಳು ಅರಳಿದವು. ಪಾಠ ಇಷ್ಟು ಚೆನ್ನಾಗಿ ಮೈಗೆ ಹತ್ತಿದ್ದು ಅವಳ ವೃತ್ತಿಜೀವನದಲ್ಲೇ ಮೊದಲು.

ಸುವಾರ್ತಮ್ಮ: ನೀವೇನಂದ್ರಿ?

ಶೇಖರಮ್ಮ: ‘ನಾ ಕರದಿಲ್ಲವ್ವ, ಹೋಗಿ ಮಲಕೋ’ ಅಂದೆ. ಮತ್ತ ‘ಸಂಗವ್ವಾ’ ಅಂತು. ಮತ್ತ ಬಂದಳು. ಮತ್ತ ‘ಕರದಿಲ್ಲ, ಮಲಕೋ’ ಅಂದೆ. ಮೂರನೇ ಸಲನೂ ಹಂಗೇ ಆತು.

ಸುವಾರ್ತಮ್ಮ: ಅಯ್ಯೋ ದೇವುಡಾ! ಏಲಿನೂ ಅಕ್ಷರಕ್ಕಕ್ಷರ ಹಿಂಗೇ ಅಂದಿದ್ದ!

ಶೇಖರಮ್ಮ: ಅಂದಿರಲಿ. ನಾಕನೇ ಸಲ ಕರದ ಕೂಡ್ಲೆ ಹುಡುಗಿ ನನ್ನ ಕೇಳಲಿಲ್ಲ. ಸೀದಾ ಹೋಗಿ ಚಿಲಕ ಸರಿಸಿ, ಕೈಮುಗಿದು, ಕಣ್ಣು ಮುಚ್ಚಿ, ‘ಹೇಳಪ್ಪಾ ದೇವರೇ, ನಿನ್ನ ದಾಸಿ ಕೇಳಾಕತ್ತಾಳ’ ಅಂತು.

ಸುವಾರ್ತಮ್ಮ: ದೇವರು ಏನಂದ?

ಶೇಖರಮ್ಮ: ‘ಅಜ್ಜಿ ಮಲಗ್ಯಾಳೋ, ಎದ್ದಾಳೋ?’ ಅಂದ.

ಸುವಾರ್ತಮ್ಮ ಸೆರಗಿನ ಅರ್ಧವನ್ನು ಬಾಯಿಗೆ ತುರುಕಿಕೊಂಡಳು.

ಶೇಖರಮ್ಮ: ನಗಬ್ಯಾಡ್ರಿ! ನಮ್ಮನಿಯವರು ಲಿಂಗಸುಗೂರಿಂದ ಕಡೀ ಬಸ್ಸಿಗೆ ಬಂದಿದ್ರು. ಏನೋ ಪುಣ್ಯ, ಅವರೇ ಇದ್ರು. ದೆವ್ವ ಇದ್ದಿದ್ರ?

ಸುವಾರ್ತಮ್ಮ: ಅವರು ನಿಮ್ಮನ್ನ ಕರೆಯೋದು ಬಿಟ್ಟು ಹುಡುಗಿನ್ಯಾಕ ಕರದ್ರು?

ಶೇಖರಮ್ಮ: ಛೇ, ಹೆಂಡತಿ ಹೆಸರು ಹಿಡಿದು ಓಣಿಯಾಗ ಕೂಗ್ತಾರೇನ್ರಿ? ಎಂದಿದ್ರೂ ಮನೀ ಹುಡುಗರ ಹೆಸರು ಕೂಗೋದು, ನಾ ಎದ್ದು ತೆಗಿಯೋದು. ಮೊದಲ ಮಗಳ ಹೆಸರಿತ್ತು, ಈಗ ಮೊಮ್ಮಗಳದು. ‘ಸಂಗವ್ವಾ’ ಅಂದ್ರ ನಾನ ಅಂತ ನಮ್ಮ ಎಮ್ಮಿಗೂ ಗೊತ್ತೈತಿ.

ಇಲ್ಲಿ ಸುವಾರ್ತಮ್ಮ ನಗುವುದನ್ನು ನಿಲ್ಲಿಸಿದಳು. ಬೇಟೆಯ ಜಾಡು ಸಿಕ್ಕಿತ್ತು. ಹತ್ತಿಯ ಗಡ್ಡವನ್ನು ಮೊಣಕಾಲ ಮೇಲೆ ಹರಡಿಕೊಂಡು, ಅತಿ ಸಾದಾ ದನಿಯಲ್ಲಿ ಬಲೆ ಬೀಸಿದಳು.

ಸುವಾರ್ತಮ್ಮ: ಎಮ್ಮಿಗೆ ಗೊತ್ತಾತು. ನಿಮಗ್ಯಾಕ ಗೊತ್ತಾಗಲಿಲ್ಲ?

ಶೇಖರಮ್ಮ: ಆಂ?

ಸುವಾರ್ತಮ್ಮ: ಏಲಿ ಮುದುಕ, ಕಣ್ಣು ಮಂಜಾಗಿದ್ದವು. ಅಂಥವನೂ ಮೂರನೇ ಸಲಕ್ಕ ‘ಕರೆಯಾಂವ ದೇವರು’ ಅಂತ ತಿಳಕೊಂಡ. ನಿಮ್ಮ ಕಿವಿ ಚಲೋ ಅದಾವು. ನಾ ಇಲ್ಲಿ ಡಬ್ಬಿ ತೆರೆದ್ರ ಅಲ್ಲಿ ಕೇಳಸ್ತದ.

ಶೇಖರಮ್ಮ: ದೆವ್ವ ಮನಿಯವರ ದನೀನೇ ತಗೀತದ, ತಾಯಿ! ಹೆಂಗ ನಂಬೋದು?

ಸುವಾರ್ತಮ್ಮ: ಖರೇ. ಬರೇ ದನಿ ಆದ್ರ ನಂಬಬಾರದು. ಕೆಮ್ಮಿದ್ರು?

ಶೇಖರಮ್ಮ: ಕೆಮ್ಮಲಾರದ ಬರ್ತಾರೇನು? ಎರಡು ಸಲ ಕೆಮ್ಮೋದು, ಚಪ್ಪಲಿ ಕಟ್ಟಿಗೆ ಬಡಿಯೋದು, ‘ಶಿವಶಿವಾ’ ಅಂತ ಕುಂದ್ರೋದು, ಆಮ್ಯಾಲೆ ಕರೆಯೋದು. ಲಗ್ನ ಆದಾಗಿಂದ ಅದೇ ನಡದೈತಿ.

ಸುವಾರ್ತಮ್ಮ: ‘ಶಿವಶಿವಾ’ ಅನ್ನೋ ದೆವ್ವ ನಿಮ್ಮ ಮಸ್ಕಿಯಾಗ ಮಾತ್ರ ಐತೇನ್ರಿ?

ಶೇಖರಮ್ಮ ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ನಂತರ ಬಂದು ಸುವಾರ್ತಮ್ಮನ ಪಕ್ಕ ಚಾಪೆಯ ಮೇಲೆ ಕುಳಿತು, ಗಡ್ಡದ ಒಂದು ಎಳೆ ಕಿತ್ತಳು.

ಶೇಖರಮ್ಮ: ಯಾರ ಮುಂದೂ ಹೇಳಂಗಿಲ್ಲ ಅಂದ್ರ ಹೇಳ್ತೀನಿ. ನಮ್ಮ ಬಾಗಿಲ ಮ್ಯಾಲಿನ ‘ನಾಳೆ ಬಾ’ ನಾ ದೆವ್ವಕ್ಕ ಬರದದ್ದಲ್ಲ.

ಸುವಾರ್ತಮ್ಮ: ಮತ್ತ?

ಶೇಖರಮ್ಮ: ಅವರಿಗೇ ಬರದದ್ದು.

ಸುವಾರ್ತಮ್ಮ: ಶೇಖರಮ್ಮಾರ!

ಶೇಖರಮ್ಮ: ಏನ್ ಮಾಡ್ಲಿ? ಅಂಗಡಿ ಮಾಲು ತರ್ತೀನಿ ಅಂತ ಲಿಂಗಸುಗೂರಿಗೆ ಹೋಗೋದು, ಗೆಳೆಯನ ಅಡತಿ ಅಂಗಡಿಯಾಗ ಕುಂತು ಪಗಡಿ ಹಾಸೋದು. ಇಲ್ಲಿ ನಾ ಪಲ್ಲೆ ಎರಡು ಸಲ ಬಿಸಿ ಮಾಡಿ, ಒಬ್ಬಾಕಿನೇ ಗಂಗಾಳದ ಮುಂದ ಕುಂತು, ಕಡೀಕ ನೀರು ಕುಡಿದು ಮಲಗೋದು. ಬೈದು ನೋಡಿದೆ, ಮಾತು ಬಿಟ್ಟು ನೋಡಿದೆ. ಮಾತು ಬಿಟ್ರ ಅವರಿಗೆ ಇನ್ನೂ ಆರಾಮ. ಅಷ್ಟರಾಗ ಈ ದೆವ್ವ ಬಂತು ನೋಡ್ರಿ, ತವರಿನಿಂದ ಅಣ್ಣ ಬಂದಂಗ ಆತು ನನಗ. ಕರದ್ರ ಓ ಅನಬಾರದು ಅಂತ ಊರಿಗೂರೇ ಹೇಳಾಕತ್ತೈತಿ! ಒಂದು ರಾತ್ರಿ ಕಟ್ಟಿ ಮ್ಯಾಲೆ ಸೊಳ್ಳಿ ಜೋಡಿ ಮಲಗಿದ್ರ ಬುದ್ಧಿ ಬರ್ತಿತ್ತು. ಇನ್ನೇನು ಮಲಗೋರೇ ಇದ್ರು, ಅಷ್ಟರಾಗ ನಿಮ್ಮ ಸಮುವೇಲ ಹೋಗಿ ಬಾಗಿಲು ತೆಗದ!

ಸುವಾರ್ತಮ್ಮನಿಗೆ ಈಗ ನಗು ಬರಲಿಲ್ಲ. ಒಬ್ಬಳೇ ಗಂಗಾಳದ ಮುಂದೆ ಕುಳಿತ ಶೇಖರಮ್ಮ ಅವಳ ಕಣ್ಣಿಗೆ ಕಟ್ಟಿದಳು. ಏನೋ ಹೇಳಬೇಕೆನ್ನುವಷ್ಟರಲ್ಲಿ ಹೊರಗೆ ಎರಡು ಕೆಮ್ಮು ಕೇಳಿಸಿದವು. ಚಪ್ಪಲಿ ಕಟ್ಟೆಗೆ ಬಡಿದ ಸದ್ದಾಯಿತು.

‘ಸಂಗವ್ವಾ!’

ಸಂಗವ್ವ ಶಾಲೆಗೆ ಹೋಗಿ ಎರಡು ತಾಸಾಗಿತ್ತು. ಕರೆದವರಿಗೂ ಅದು ಗೊತ್ತಿತ್ತು. ಶೇಖರಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಳು. ಕಿರಾಣಿ ಅಂಗಡಿಯ ಅಮರಗುಂಡಪ್ಪನವರು ಹಣೆಯ ಮೇಲೆ ಅಗಲವಾದ ವಿಭೂತಿ, ಕೈಯಲ್ಲೊಂದು ಪೊಟ್ಟಣ ಹಿಡಿದು, ಯುದ್ಧ ಗೆದ್ದ ಸೇನಾಪತಿಯಂತೆ ಒಳಗೆ ಬಂದರು.

ಅಮರಗುಂಡಪ್ಪ: ಶರಣ್ರೀ ಟೀಚರಮ್ಮ. ಇದರಾಗ ಶೇಂಗಾ, ಬೆಲ್ಲ ಅದಾವು, ಚಿಕ್ಕಿಗೆ ಇರಲಿ. ನಿಮ್ಮ ಆ ಹುಡುಗನ ಕಥಿ ಬಲು ಚಲೋ ಐತ್ರಿ. ಕರದ್ರ ಏಳಬೇಕು! ಊರ ಹುಡುಗರಿಗೆಲ್ಲಾ ಕಲಿಸ್ರಿ. ದೊಡ್ಡವರಿಗೂ ಕಲಿಸಿದ್ರ ಬೇಶ್ ಆಗ್ತಿತ್ತು.

ಶೇಖರಮ್ಮ: (ಗೋಡೆಗೆ) ಕೆಲವರು ಗುಡಿ ಬಿಟ್ಟು ಅಡತಿಯಾಗ ಮಲಗಿದ್ರ ದೇವರು ಎಲ್ಲಿ ಅಂತ ಕರೀಬೇಕು?

ಅಮರಗುಂಡಪ್ಪ: (ಟೀಚರಮ್ಮನಿಗೆ) ಮಾಲು ಕಟ್ಟಿಸೋದು ತಡ ಆತು ಅಂತ ಹೇಳ್ರಿ.

ಶೇಖರಮ್ಮ: (ಗೋಡೆಗೆ) ಮಾಲು ಎಷ್ಟು ಮನಿ ನಡೀತು, ಯಾವ ಕಾಯಿ ಹೊಡೀತು ಅಂತ ಕೇಳ್ರಿ.

ಸುವಾರ್ತಮ್ಮ ಒಮ್ಮೆ ಗೋಡೆಯನ್ನು, ಒಮ್ಮೆ ಅಮರಗುಂಡಪ್ಪನವರನ್ನು, ಒಮ್ಮೆ ಮೊಣಕಾಲ ಮೇಲಿನ ಗಡ್ಡವನ್ನು ನೋಡಿದಳು. ಏಲಿಯ ಪಾತ್ರಕ್ಕೆ ಇನ್ನೂ ಜನ ಸಿಕ್ಕಿರಲಿಲ್ಲ. ಗಡ್ಡ ಹಚ್ಚಿಕೊಂಡು ಸುಮ್ಮನೆ ಮಲಗುವ ಕೆಲಸವನ್ನು ಯಾವ ಹುಡುಗನೂ ಒಪ್ಪಿರಲಿಲ್ಲ. ಒಪ್ಪಿದ ಒಬ್ಬ ನಿಜವಾಗಿಯೂ ನಿದ್ದೆ ಹೋಗಿದ್ದ. ಸುವಾರ್ತಮ್ಮನ ಮುಖದ ಮೇಲೆ ದೈವಪ್ರೇರಣೆ ಎಂದು ಹೇಳಬಹುದಾದ ಒಂದು ಬೆಳಕು ಮೂಡಿತು.

ಸುವಾರ್ತಮ್ಮ: ಅಣ್ಣಾರ, ನಮ್ಮ ನಾಟಕದಾಗ ಒಂದು ದೊಡ್ಡ ಪಾತ್ರ ಖಾಲಿ ಐತ್ರಿ. ಗುಡಿ ಹಿರಿಯಂದು. ನಿಮ್ಮಂಥ ತೂಕದ ಮನಷ್ಯಾ ಬೇಕು.

ಅಮರಗುಂಡಪ್ಪ: ನಾ ಲಿಂಗ ಕಟ್ಟಿದಾಂವ ರೀ, ನಿಮ್ಮ ನಾಟಕದಾಗ ಹೆಂಗ?

ಸುವಾರ್ತಮ್ಮ: ಲಿಂಗ ಯಾರು ಬಿಚ್ಚು ಅಂದ್ರು? ಮ್ಯಾಲೆ ಒಂದು ನಿಲುವಂಗಿ ಬರ್ತದ. ಸಂಗವ್ವ ಸಮುವೇಲ, ನೀವು ಅಕಿ ಹಿರಿಯ.

ಮೊಮ್ಮಗಳ ಹೆಸರಿಗೆ ಅಮರಗುಂಡಪ್ಪನವರ ಮೀಸೆ ಮೆತ್ತಗಾಯಿತು.

ಅಮರಗುಂಡಪ್ಪ: ಏನು ಮಾಡಬೇಕು?

ಸುವಾರ್ತಮ್ಮ: ಮಲಗಬೇಕು.

ಅಮರಗುಂಡಪ್ಪ: ಅಷ್ಟೇನಾ? ಮಾಡೋಣ್ರಿ! ಯಾವಾಗಿಂದ?

ಸುವಾರ್ತಮ್ಮ: ಇವತ್ತಿಂದ ತಾಲೀಮು. ದಿನಾ ದೀಪ ಹಚ್ಚೂ ಹೊತ್ತಿಗೆ ಇಲ್ಲಿರಬೇಕು. ಕ್ರಿಸ್ಮಸ್ ತನಕ.

ಅಮರಗುಂಡಪ್ಪ: ದಿನಾ? ಬರೇ ಮಲಗಾಕ ದಿನಾ ತಾಲೀಮು ಯಾಕ್ರಿ? ಮತ್ತ ಲಿಂಗಸುಗೂರು...

ಗೋಡೆ ಬಿಟ್ಟು ಶೇಖರಮ್ಮ ಈ ಕಡೆ ತಿರುಗಿದಳು. ಗಡ್ಡ ಎತ್ತಿಕೊಂಡು ಬಂದು ಗಂಡನ ಕೆನ್ನೆಗೆ ಹಿಡಿದು ಅಳತೆ ನೋಡತೊಡಗಿದಳು.

ಶೇಖರಮ್ಮ: ಮುಂಜಾನಿ ಬಸ್ಸಿಗೆ ಹೋಗಿ ಮಧ್ಯಾಹ್ನ ಬಸ್ಸಿಗೆ ಬರ್ರಿ. ತಾಲೀಮು ಮುಗಿಸಿ ಬಿಸಿ ಬಿಸಿ ಉಣ್ಣಾಕ ಬರ್ತದ. ಟೀಚರಮ್ಮ, ಇಲ್ಲೊಂದೀಟು ಹತ್ತಿ ಹಚ್ರಿ, ದವಡಿ ದೊಡ್ಡದೈತಿ. ಸಂಗವ್ವನ ಅಂಗಿ ಇಲ್ಲೇ ಇರಲಿ.

ಅಮರಗುಂಡಪ್ಪ: (ಗಡ್ಡದೊಳಗಿನಿಂದ) ಕಡೀಕ ಆ ಹಿರಿಯ ಏನಾಗ್ತಾನ್ರಿ?

ಏಲಿ ಕೊನೆಗೆ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದುಕೊಂಡು ಸತ್ತ ಸಂಗತಿ ಸುವಾರ್ತಮ್ಮನ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಸುವಾರ್ತಮ್ಮ: ಅದು ಕ್ರಿಸ್ಮಸ್ ಮುಗಿದ ಮ್ಯಾಲಿನ ಪಾಠ ರೀ ಅಣ್ಣಾರ.

ಅಮರಗುಂಡಪ್ಪ: ಮಾತರ ಭಾಳ ಅದಾವೇನು? ಈ ವಯಸ್ಸಿನ್ಯಾಗ ಬಾಯಿಪಾಠ ಯಾರು ಮಾಡಿಸ್ತಾರ ನನಗ?

ಸುವಾರ್ತಮ್ಮ: ಮುಖ್ಯ ಒಂದೇ ಮಾತು ರೀ. ಹುಡುಗಿ ‘ಕರದ್ರೇನು?’ ಅಂತ ಬಂದ್ರ, ನೀವು ಕಣ್ಣು ಮುಚ್ಚಿಕೊಂಡೇ ‘ನಾ ಕರದಿಲ್ಲವ್ವ, ಹೋಗಿ ಮಲಕೋ’ ಅನ್ನಬೇಕು.

ಶೇಖರಮ್ಮ: ಆ ಮಾತು ಬಿಡ್ರಿ ಟೀಚರಮ್ಮ, ನಾನ ಕಲಿಸ್ತೀನಿ. ನಿನ್ನಿ ರಾತ್ರಿ ಎಲ್ಲಾ ತಾಲೀಮು ಮಾಡೀನಿ.